ರೇಡಿಯೋಸರ್ಜರಿ, ಮಿದುಳಿನ

ತಲೆಬುರುಡೆ ತೆರೆಯದೆ, ಹೊರಗಿನಿಂದ ವಿಕಿರಣದ ಹಲವು ಸಣ್ಣ ಕಿರಣಗಳನ್ನು ಒಂದೇ ಬಿಂದುವಿಗೆ ಹಾಯಿಸಿ, ಮಿದುಳಿನ ಗಡ್ಡೆ, ರಕ್ತನಾಳಗಳ ಗೋಜಲು, ಮುಖದ ನರಶೂಲೆ ಮೊದಲಾದವಕ್ಕೆ ಕೊಡುವ ಚಿಕಿತ್ಸೆ. ಬಹುಮಟ್ಟಿಗೆ ಒಂದೇ ದಿನದಲ್ಲಿ ಮುಗಿಯುತ್ತದೆ. ಜನರ ಬಾಯಲ್ಲಿ ವಿಕಿರಣ ಚಿಕಿತ್ಸೆಯೆಂದರೆ ‘ಕರೆಂಟು ಕೊಡುವುದು’. ಮನೋರೋಗಕ್ಕೆ ಕೊಡುವ ವಿದ್ಯುತ್ ಚಿಕಿತ್ಸೆಗೂ ಇದೇ ಮಾತಿದೆ. ಆದ್ದರಿಂದ ರೇಡಿಯೋಸರ್ಜರಿಯಲ್ಲಿ ರೋಗಿಯ ಮೈಗೆ ವಿದ್ಯುತ್ತು ಹರಿಯುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕಾಗುತ್ತದೆ.

ಈ ಚಿಕಿತ್ಸೆಯ ಚರಿತ್ರೆ ಕಿರಣದ ಚರಿತ್ರೆಗಿಂತ ಹೆಚ್ಚಾಗಿ ಜಾಗ ಗುರುತಿಸುವ ವಿದ್ಯೆಯ ಚರಿತ್ರೆ. ಎಕ್ಸ್‌ರೇ 1895ರಲ್ಲೇ ಸಿಕ್ಕಿತ್ತು. ಬುರುಡೆಯೊಳಗೆ ಕಣ್ಣಿಗೆ ಕಾಣದ ಒಂದು ಬಿಂದುವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹಿಡಿಯುವ ಉಪಾಯ ಮಾತ್ರ ಇರಲಿಲ್ಲ. ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಹಂಗಾರಕಟ್ಟೆಯಂಥ ಅಳಿವೆಯಲ್ಲಿ ದೋಣಿಯವರಿಗೆ ನೀರೊಳಗಿನ ಜಾಗ ಕಾಣುವುದಿಲ್ಲ. ದಡದ ಗುರುತುಗಳನ್ನು ಒಂದಕ್ಕೊಂದು ಹೊಂದಿಸಿ ಅದನ್ನು ತಿಳಿಯಬೇಕು. ತಲೆಗೆ ಬಿಗಿಯುವ ಲೋಹದ ಚೌಕಟ್ಟು ಮಾಡುವುದೂ ಇದನ್ನೇ. ಹಾರ್ಸ್‌ಲಿ ಮತ್ತು ಕ್ಲಾರ್ಕ್ 1908ರಲ್ಲಿ ಪ್ರಾಣಿಗಳ ಮಿದುಳಿಗೆ ಇಂಥ ಸಾಧನವನ್ನು ವಿವರಿಸಿದರು. 1947ರಲ್ಲಿ ಫಿಲಡೆಲ್ಫಿಯಾದ ಸ್ಪೀಗೆಲ್ ಮತ್ತು ವೈಸಿಸ್ ಅದನ್ನು ಮನುಷ್ಯನಿಗೆ ಒಗ್ಗಿಸಿದರು. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ (1907–1986) 1949ರಲ್ಲಿ ತನ್ನದೇ ಚೌಕಟ್ಟನ್ನು ರೂಪಿಸಿದ.

ಈ ಚೌಕಟ್ಟಿನ ಗುರುತು ಹಿಡಿದು ಮಿದುಳಿಗೆ ತೂರಿಸುವ ಸೂಜಿಯ ಬದಲು ಕಿರಣವನ್ನೇ ಕಳಿಸಿದರೇನು ಎಂದು ಯೋಚಿಸಿದವನೂ ಲೆಕ್ಸೆಲ್. 1951ರಲ್ಲಿ ‘ರೇಡಿಯೋಸರ್ಜರಿ’ ಎಂಬ ಹೆಸರಿಟ್ಟ. ಮೊದಲು ಎಕ್ಸ್‌ರೇ, ಆಮೇಲೆ ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜೊತೆ ಉಪ್ಸಾಲಾದ ಸೈಕ್ಲೋಟ್ರಾನಿನ ಪ್ರೋಟಾನ್ ಕಿರಣ. ಸೈಕ್ಲೋಟ್ರಾನನ್ನು ಆಸ್ಪತ್ರೆಯೊಳಗೆ ಇಟ್ಟುಕೊಳ್ಳುವಂತಿರಲಿಲ್ಲ. ಕೊನೆಗೆ ಕೋಬಾಲ್ಟ್-60ಕ್ಕೆ ಬಂದರು. ಹೀಗೆ ಹುಟ್ಟಿದ ಯಂತ್ರ ಗಾಮಾ ನೈಫ್. 1967ರ ಮೊದಲ ಗಾಮಾ ನೈಫ್‌ನಲ್ಲಿ 179 ಕೋಬಾಲ್ಟ್ ಆಕರಗಳಿದ್ದವು. ಒಂದೊಂದು ಕಿರಣವೂ ದುರ್ಬಲ, ದಾರಿಯ ಮಿದುಳಿಗೆ ಹೆಚ್ಚು ಹಾನಿಯಿಲ್ಲ. ಎಲ್ಲವೂ ಕೂಡುವ ಬಿಂದುವಿನಲ್ಲಿ ಮಾತ್ರ ಜೀವಕೋಶ ಉಳಿಯದಷ್ಟು ಬಲ. ಹೆಸರಿನಲ್ಲಿ ಚಾಕು ಇದ್ದರೂ ಯಂತ್ರದಲ್ಲಿ ಅಲಗೇ ಇಲ್ಲ. ಲೆಕ್ಸೆಲ್‌ನ ಮೊದಲ ಗುರಿ ನೋವು, ನಡುಕದಂಥ ತೊಂದರೆಗಳಾಗಿದ್ದವು. ಸಿ.ಟಿ. ಮತ್ತು ಎಂ.ಆರ್.ಐ. ಬಂದು ಗಡ್ಡೆ ನೇರವಾಗಿ ಕಾಣತೊಡಗಿದ ಮೇಲೆ ಈ ವಿದ್ಯೆಯ ಹರವು ಹಿಗ್ಗಿತು.

ಕರ್ನಾಟಕದಲ್ಲಿ ಜಾಗ ಗುರುತಿಸುವ ವಿದ್ಯೆ ಗಾಮಾ ನೈಫ್ ಬರುವ ದಶಕಗಳ ಮೊದಲೇ ಬೇರೂರಿತ್ತು. ಇದನ್ನು ಮರೆತು ಬರೆದ ಚರಿತ್ರೆ ಅರ್ಧ ಮಾತ್ರ. ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ (1974) ಆದ ಸಂಸ್ಥೆಯಲ್ಲಿ, ಡಾ. ಆರ್. ಎಂ. ವರ್ಮಾ ಪಾರ್ಕಿನ್ಸನ್ ರೋಗಕ್ಕೆ ಸ್ಟೀರಿಯೋಟ್ಯಾಕ್ಟಿಕ್ (ಹೀಗೆ ಜಾಗ ಗುರುತಿಸಿ ಮಾಡುವ) ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಬುರುಡೆಗೆ ರಂಧ್ರ ಕೊರೆಯದೆ, ಕೆನ್ನೆಯ ಕಡೆಯಿಂದ, ಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ಫೊರಾಮೆನ್ ಓವಲೆ ಎಂಬ ತೂತಿನ ಮೂಲಕ ಸೂಜಿ ತೂರಿಸುವುದು ಅವರ ವಿಧಾನ. ಬುರುಡೆ ತೆರೆಯದೆ ಆಳಕ್ಕೆ ಹೋಗುವ ಹಂಬಲ ಲೆಕ್ಸೆಲ್‌ನ ಸ್ಟಾಕ್‌ಹೋಮಿನಲ್ಲಿದ್ದಂತೆ ಬೆಂಗಳೂರಿನಲ್ಲೂ ಇತ್ತು.

ಭಾರತಕ್ಕೆ ಗಾಮಾ ನೈಫ್ ಬಂದದ್ದು 1997ರಲ್ಲಿ, ಮುಂಬೈಯ ಹಿಂದೂಜಾ ಆಸ್ಪತ್ರೆಗೆ ಮತ್ತು ದೆಹಲಿಯ ಏಮ್ಸ್‌ಗೆ. ನಿಮ್ಹಾನ್ಸ್‌ನಲ್ಲಿ 2000ರ ದಶಕದಲ್ಲಿ ಆರಂಭವಾಯಿತು. ಕೋಬಾಲ್ಟ್ ಇಲ್ಲದೆ ಲೀನಿಯರ್ ಆಕ್ಸಿಲರೇಟರ್‌ನಿಂದ ಇದೇ ಚಿಕಿತ್ಸೆ ಕೊಡುವ ಕ್ರಮ 1980ರ ದಶಕದಲ್ಲಿ ಬೆಳೆಯಿತು. ಸ್ಟ್ಯಾನ್‌ಫರ್ಡ್‌ನ ಜಾನ್ ಆಡ್ಲರ್ ರೂಪಿಸಿದ ಸೈಬರ್ ನೈಫ್ ಅದರದೇ ಕವಲು.

ಮಿತಿಗಳೂ ಇವೆ. ಸುಮಾರು 3 ಸೆಂಟಿಮೀಟರ್ ಮೀರಿದ ಗಡ್ಡೆಗೆ ಒಂದೇ ಸಲ ಪೂರ್ತಿ ಪ್ರಮಾಣ ಕೊಡುವುದು ಅಪಾಯ. ಕೋಬಾಲ್ಟ್‌ನ ಬಲ 5.27 ವರ್ಷಕ್ಕೆ ಅರ್ಧವಾಗುವುದರಿಂದ ಆಕರ ಹಳತಾದಂತೆ ರೋಗಿ ಹೆಚ್ಚು ಹೊತ್ತು ಮಲಗಬೇಕು. ಎಲ್ಲಕ್ಕಿಂತ ಮುಖ್ಯ, ಫಲ ನಿಧಾನ. ಶ್ರವಣನರದ ಗಡ್ಡೆಯಂಥವು ಅನೇಕ ಸಲ ಕರಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ, ಅದೇ ಗೆಲುವು. ರಕ್ತನಾಳದ ಗೋಜಲು ಮುಚ್ಚಿಕೊಳ್ಳಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ರಕ್ತಸ್ರಾವದ ಭಯ ತಪ್ಪಿದ್ದಲ್ಲ. ಬೆಂಗಳೂರಿಗೆ ಹೋಗಿ ಚಿಕಿತ್ಸೆ ಮುಗಿಸಿ ಬಸ್ಸು ಹತ್ತಿದ ಹಂಗಾರಕಟ್ಟೆಯ ರೋಗಿಗೂ, ಹತ್ತಿರದ ಮಣಿಪಾಲದಲ್ಲಾದರೂ ಸರಿ, ವೈದ್ಯರು ಹೇಳಿದ ಅವಧಿಗೆ ಸ್ಕ್ಯಾನ್ ಮಾಡಿಸುವ ಕೆಲಸ ಬಾಕಿಯಿರುತ್ತದೆ.