ಮಲಿಕ್-ಎ-ಮೈದಾನವೂ ಶುಕ್ರನೀತಿಯ ಅಗ್ನಿಚೂರ್ಣವೂ

ಸೊಲ್ಲಾಪುರ ರಸ್ತೆಯಿಂದ ವಿಜಯಪುರಕ್ಕೆ ಬರುವವರು ತಪ್ಪದೆ ಹೋಗಿ ನೋಡುವ ವಸ್ತುಗಳಲ್ಲಿ, ಪಡುವಣ ಕೋಟೆಯ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನವೆಂಬ ಫಿರಂಗಿಯೂ ಒಂದು. ಕ್ರಿ. ಶ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿಯು ಇದನ್ನು ಕಂಚಿನಲ್ಲಿ ಎರಕಹೊಯ್ದನು. 1632ರಲ್ಲಿ ಇದು ಪರಾಂಡೆಯಿಂದ ಇಲ್ಲಿಗೆ ಬಂದಿತು. ಉದ್ದವು 14 ಅಡಿಗೂ ಮಿಗಿಲು. ತೂಕವು ಸುಮಾರು 55 ಟನ್ನು. ಇದಕ್ಕೆ ಕಿಚ್ಚಿಟ್ಟ ಗೋಲಂದಾಜನು ಕಿವಿಗಳನ್ನು ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂಬುದು ಐತಿಹ್ಯ.

ಆ ಶಬ್ದಕ್ಕೆ ಮೂಲವಾದ ಶಕ್ತಿಯು ಕಂಚಿನದಲ್ಲ, ಮದ್ದಿನದು. ಮದ್ದೆಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಇವುಗಳ ಮಿಶ್ರಣವು. ಸೌದೆಯು ಉರಿಯಲು ಹೊರಗಿನ ಗಾಳಿ ಬೇಕು. ಮದ್ದಿಗೆ ಬೇಡ, ಏಕೆಂದರೆ ಪೆಟ್ಲುಪ್ಪು ಆಮ್ಲಜನಕವನ್ನು ತನ್ನೊಳಗೇ ಧರಿಸಿರುವುದು. ಅದು ಇದ್ದಿಲು ಗಂಧಕಗಳೊಡನೆ ಕೂಡಿದಾಗ, ಹಳೆಯ ಬಂಧಗಳನ್ನು ಬಿಡಿಸಲು ವ್ಯಯವಾದುದಕ್ಕಿಂತ ಹೆಚ್ಚಿನ ಶಕ್ತಿಯು ಹೊಸ ಬಂಧಗಳು ಏರ್ಪಡುವಾಗ ಹೊರಬೀಳುವುದು. ಅಚ್ಚರಿಯ ಸಂಗತಿಯೆಂದರೆ, ಒಂದು ಕಿಲೋಗ್ರಾಂ ಮದ್ದಿನಿಂದ ಹುಟ್ಟುವ ಶಾಖವು ಸುಮಾರು 30 ಲಕ್ಷ ಜೂಲ್ ಮಾತ್ರ. ಅಷ್ಟೇ ತೂಕದ ಒಣ ಸೌದೆಯು ಇದರ ಐದರಷ್ಟನ್ನು ಕೊಡುವುದು. ಆದರೆ ಸೌದೆಯು ಗಳಿಗೆಗಟ್ಟಲೆ ಕೊಡುವುದನ್ನು ಮದ್ದು ಕ್ಷಣಮಾತ್ರದಲ್ಲಿ ಕೊಡುವುದು. ಕಾದ ಅನಿಲಗಳು ನಳಿಗೆಯಲ್ಲಿ ಒಮ್ಮೆಲೆ ಹಿಗ್ಗುವುದರಿಂದ ಗುಂಡು ಹಾರುವುದು.

ಈ ಭೇದವನ್ನು ಮರೆತುದರಿಂದ, ಪ್ರಾಚೀನ ಭಾರತದಲ್ಲಿ ಫಿರಂಗಿಯಿದ್ದಿತೇ ಎಂಬ ಚರ್ಚೆಯು ಗೊಂದಲಕ್ಕೀಡಾಯಿತು. ಇದ್ದಿತೆಂದು 1880ರಲ್ಲಿ ಮದರಾಸಿನ ಗುಸ್ಟಾವ್ ಓಪರ್ಟ್ ಪಂಡಿತರು ಶುಕ್ರನೀತಿಯ ಆಧಾರದಿಂದ ವಾದಿಸಿದರು. ಆ ಗ್ರಂಥದ ಅಗ್ನಿಚೂರ್ಣದಲ್ಲಿ ಸುವರ್ಚಿಲವಣ, ಅಂದರೆ ಪೆಟ್ಲುಪ್ಪು, 5 ಪಲ. ಗಂಧಕ 1 ಪಲ. ಎಕ್ಕ, ಕಳ್ಳಿ ಮೊದಲಾದವುಗಳ ಇದ್ದಿಲು 1 ಪಲ. (ಎಕ್ಕವೂ ಕಳ್ಳಿಯೂ ವಿಜಯಪುರದ ಬಯಲಿಗೆ ಅಪರೂಪದವಲ್ಲ.) ಹೀಗೆ ಪೆಟ್ಲುಪ್ಪು ನೂರಕ್ಕೆ ಸುಮಾರು 71 ಭಾಗವಾಗುವುದು; ಯುರೋಪಿನಲ್ಲಿ ಕಡೆಗೆ ನೆಲೆನಿಂತ ಪ್ರಮಾಣವು 75. ಸಾಮ್ಯವು ನಿಜವೇ, ಆದರೆ ಅದೇ ಓಪರ್ಟರ ವಾದಕ್ಕೆ ಬಾಧಕವು. ಇಷ್ಟು ಹದವಾದ ಪ್ರಮಾಣವು ನಳಿಗೆಯ ಅಸ್ತ್ರಗಳನ್ನು ಬಹುಕಾಲ ಬಳಸಿದವರಿಗಲ್ಲದೆ ತಿಳಿಯದು. ಆದುದರಿಂದ ಆ ಶ್ಲೋಕಗಳು ಅರ್ವಾಚೀನವೆಂದೇ ಹೇಳಬೇಕಾಗುವುದು.

ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಅಗ್ನಿಯೋಗಗಳುಂಟು. ಅವುಗಳಲ್ಲಿ ದೇವದಾರು, ಗುಗ್ಗುಲು, ಅರಗು ಇವೆ, ಪೆಟ್ಲುಪ್ಪು ಇಲ್ಲ. ಅವು ಶತ್ರುವಿನ ಕೋಟೆಯನ್ನು ಸುಡಬಲ್ಲವು, ಗುಂಡನ್ನು ಹಾರಿಸಲಾರವು. ದೇಶಾಭಿಮಾನವು ಈ ಕೊರತೆಯನ್ನು ತುಂಬಲಾರದು.

ಕನ್ನಡನಾಡಿನ ಮಟ್ಟಿಗೆ ಕಾಲನಿಶ್ಚಯವುಳ್ಳ ಸಾಕ್ಷ್ಯವೊಂದು 1443ರದು. ಎರಡನೆಯ ದೇವರಾಯನ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕನು ಮಹಾನವಮಿಯ ಬಾಣಬಿರುಸುಗಳನ್ನು ಕಂಡು ಬರೆದಿರುವನು. ಮಲಿಕ್-ಎ-ಮೈದಾನವು ಎರಕವಾದುದು ಅದಾದ 106 ವರ್ಷಗಳ ಮೇಲೆ.