ಒಂದೇ ಕೆಸರು, ಮೂರು ಬಗೆಯ ದೇಹ

ಠಾಣೆ ಖಾಡಿಯ ನೀರು ಇಳಿದಾಗ ಐರೋಳಿ ದಂಡೆಯ ಕೆಸರಿನಲ್ಲಿ ಹಕ್ಕಿ, ಮೀನು, ಏಡಿ ಮೂರೂ ಮೇಯುತ್ತವೆ.

ಮೊದಲು ರಾಜಹಂಸದ (ಫ್ಲೆಮಿಂಗೊ) ಕೊಕ್ಕನ್ನು ನೋಡಿ. ತಲೆಯನ್ನು ಕೆಳಮೇಲಾಗಿಸಿ ತಿನ್ನುವ ಹಕ್ಕಿಯಿದು. ಅದಕ್ಕೆ ತಕ್ಕಂತೆ ಕೊಕ್ಕು ನಡುವಿನಲ್ಲಿ ಬಾಗಿದೆ. ದಪ್ಪ ನಾಲಿಗೆ ಪಂಪಿನಂತೆ ಆಡಿ ನೀರನ್ನು ಒಳಗೆಳೆದು ಹೊರದೂಡುತ್ತದೆ. ಕೊಕ್ಕಿನೊಳಗಿನ ಪದರಗಳು ಆಹಾರವನ್ನು ಸೋಸಿ ಹಿಡಿಯುತ್ತವೆ. ಕಿರಿಯ ರಾಜಹಂಸ ಎಂಬ ಜಾತಿಯ ಪದರಗಳು ಬಲು ನವಿರು, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೂ ಸಿಕ್ಕಿಕೊಳ್ಳುತ್ತದೆ. ಹಿರಿಯ ರಾಜಹಂಸ ಎಂಬ ಜಾತಿಯವು ಒರಟು. ಅದಕ್ಕೆ ಪುಟ್ಟ ಸಿಗಡಿ, ಹುಳುಗಳೇ ಮುಖ್ಯ. ಒಂದೇ ನೀರು, ಆದರೆ ಎರಡರ ಊಟವೂ ಬೇರೆ. ಗುಲಾಬಿ ಬಣ್ಣ ಬರುವುದೂ ಈ ಊಟದಿಂದಲೇ. ರಾಜಹಂಸದ ಉದ್ದ ಕಾಲಿನ ನಡುವೆ ಹಿಂದಕ್ಕೆ ಮಡಚುವ ಕೀಲು ಮೊಣಕಾಲಲ್ಲ, ನಮ್ಮ ಪಾದದ ಗಂಟಿಗೆ ಸಮನಾದದ್ದು. ನಿಜವಾದ ಮೊಣಕಾಲು ಮೇಲೆ, ಗರಿಗಳ ಮರೆಯಲ್ಲಿದೆ.

ಮಡ್‌ಸ್ಕಿಪ್ಪರ್ ಮೀನಿಗೆ ಕಿವಿರುಗಳಿವೆ. ಆದರೂ ನೀರಿನಿಂದ ಹೊರಬಂದಾಗ ಅದು ಒದ್ದೆ ಚರ್ಮದಿಂದ, ಬಾಯಿಯ ಒಳಪದರದಿಂದ ಗಾಳಿಯ ಆಮ್ಲಜನಕವನ್ನು ಹೀರುತ್ತದೆ. ಎದೆಯ ಈಜುರೆಕ್ಕೆಗಳನ್ನು ಊರಿ ಕೆಸರಿನ ಮೇಲೆ ತೆವಳುತ್ತದೆ.

ಫಿಡ್ಲರ್ ಏಡಿಯ ಗಂಡಿಗೆ ಒಂದು ಕೊಂಡಿ ದೊಡ್ಡದು. ಅದು ಹೆಣ್ಣನ್ನು ಕರೆಯಲು, ಎದುರಾಳಿಯನ್ನು ತಡೆಯಲು. ತಿನ್ನುವುದೆಲ್ಲ ಸಣ್ಣ ಕೊಂಡಿಯಿಂದ. ಹೆಣ್ಣಿನ ಎರಡೂ ಕೊಂಡಿಗಳು ಸಣ್ಣವೇ, ಆದ್ದರಿಂದ ಅದು ಎರಡು ಕೈಯಲ್ಲೂ ಉಣ್ಣುತ್ತದೆ.

ಈ ಖಾಡಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಈ ಜೀವಿಗಳ ಬದುಕೆಲ್ಲ ಈ ಕೆಸರನ್ನೇ ನಂಬಿದೆ. ದಯವಿಟ್ಟು ದೋಣಿಯಿಂದ ನೀರಿಗೆ ಏನನ್ನೂ ಎಸೆಯಬೇಡಿ.