ಉಯಿಲು, ಪಾಲು, ಖುಲಾಸೆ: ಪೇಟೆಯಲ್ಲಿ ಉತ್ತರಾಧಿಕಾರದ ಕಾನೂನು

ಈಚೆಗೆ ಹೋಟೆಲ್ ಸಭಾಂಗಣಗಳಲ್ಲಿ 'ಎಸ್ಟೇಟ್ ಪ್ಲಾನಿಂಗ್' ಉಪನ್ಯಾಸಗಳು ಹೆಚ್ಚಿವೆ. ಕಾಫಿ ಚೆನ್ನಾಗಿರುತ್ತದೆ, ಕಾನೂನು ಮಾತ್ರ ಹಳೆಯ ಮುಂಬಯಿಯದು. ಪ್ರೊಬೇಟ್ (ಕೋರ್ಟಿನ ದೃಢೀಕರಣ) ಇಲ್ಲದೆ ಉಯಿಲಿಗೆ ಬೆಲೆಯೇ ಇಲ್ಲ ಎಂದು ಹೆದರಿಸಿ ಕಳಿಸುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು, 2025ರಲ್ಲಿ ರದ್ದಾಗುವವರೆಗೆ, ಹಿಂದೂಗಳ ಮೇಲೆ ಆ ಕಟ್ಟುಪಾಡು ಹೇರಿದ್ದು ಹಳೆಯ ಬಂಗಾಳ ಪ್ರಾಂತ್ಯ, ಮದರಾಸು ಮತ್ತು ಮುಂಬಯಿ ನಗರಗಳ ಮಟ್ಟಿಗೆ. ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಬೆಂಗಳೂರಿನ ಸುಲ್ತಾನ್‌ಪೇಟೆಯ ಹಿಂದೂ ವರ್ತಕನಿಗೆ ಅದರ ಗೊಡವೆ ಇರಲೇ ಇಲ್ಲ. ಇಲ್ಲಿ ಪ್ರೊಬೇಟ್ ಬೇಕೆನಿಸಿದವರು ಸಿಟಿ ಸಿವಿಲ್ ಕೋರ್ಟಿನಲ್ಲಿ ಪ್ರೊಬೇಟ್ ಮತ್ತು ಉತ್ತರಾಧಿಕಾರ ಪ್ರಮಾಣಪತ್ರದ 'ಪಿ ಅಂಡ್ ಎಸ್‌ಸಿ' ಅರ್ಜಿ ಹಾಕುತ್ತಾರೆ. ಬೇಡವೆನಿಸಿದವರು ಉಯಿಲು, ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಖಾತೆ ಬದಲಾವಣೆಗೆ ಹೋಗುತ್ತಾರೆ.

ಈ ಕಾನೂನಿನ ಚರಿತ್ರೆಯ ಮೊದಲ ಘಟ್ಟಗಳನ್ನು ಬೇಗ ದಾಟೋಣ. ಹುಟ್ಟಿನಿಂದಲೇ ಮಗನಿಗೆ ಹಕ್ಕು ಎಂದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಚಾಲುಕ್ಯರ ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯಲ್ಲಿ. ಮುಂದೆ ಅದನ್ನು ಕೋರ್ಟುಗಳು ಇಂಗ್ಲಿಷಿನಲ್ಲಿ ಓದಿ ಬಿಗಿಮಾಡಿದವು. ನಿಜವಾದ ತಿರುವು 1933ರದು. ಆ ವರ್ಷ ಮೈಸೂರು ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದಿತು. ಅಪ್ಪ, ಮಕ್ಕಳು ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಎಂದಿತು. ಹೆಣ್ಣುಮಗಳಿಗೆ ಸಿಕ್ಕಿದ್ದು ಸೋದರನ ಪಾಲಿನ ಕಾಲುಭಾಗ. ಬ್ರಿಟಿಷ್ ಇಂಡಿಯಾ ವಿಧವೆಯರ ಹಕ್ಕಿನ ಮಾತೆತ್ತಿದ್ದು 1937ರಲ್ಲಿ. ನಮ್ಮ ಪಠ್ಯಪುಸ್ತಕಗಳು 1937ರಿಂದಲೇ ಶುರುವಾಗುತ್ತವೆ. ದೆಹಲಿಯಲ್ಲಿ ಆಗದ್ದು ಆಗಿಯೇ ಇಲ್ಲ ಎಂಬ ಲೆಕ್ಕ.

ಉಯಿಲಿನ ರುಜುವಾತಿನ ಬಗ್ಗೆ ದೇಶವೆಲ್ಲ ಇಂದಿಗೂ ಉದ್ಧರಿಸುವ ತೀರ್ಪು ಕೂಡ ಮೈಸೂರಿನ ವ್ಯಾಜ್ಯದ್ದೇ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣದಲ್ಲಿ, 1958ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಹೇಳಿದ್ದು ಇಷ್ಟು: ಇಬ್ಬರು ಸಾಕ್ಷಿಗಳ ರುಜು ಇದ್ದರಷ್ಟೇ ಸಾಲದು. ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಅದನ್ನು ಬರೆಸಿದ್ದರೆ, ಸಂಶಯ ನಿವಾರಿಸುವ ಹೊಣೆ ಅವನದೇ. ಪೇಟೆಯ ಹಳೆಯ ಪತ್ರ ಬರಹಗಾರರಿಗೆ ಈ ತೀರ್ಪಿನ ಹೆಸರು ಗೊತ್ತಿರಲಿಲ್ಲ, ತಾತ್ಪರ್ಯ ಗೊತ್ತಿತ್ತು. ಉಯಿಲು ಬರೆಯಿಸುವಾಗ ಮಕ್ಕಳನ್ನು ಹೊರಗೆ ಕೂರಿಸುತ್ತಿದ್ದರು. ಯಾರಿಗೆ ಕೊಡುತ್ತಿಲ್ಲ, ಏಕೆ ಕೊಡುತ್ತಿಲ್ಲ ಎಂಬುದನ್ನು ಕನ್ನಡದಲ್ಲೇ ಒಂದು ಸಾಲು ಬರೆಯುತ್ತಿದ್ದರು. ಅಂತರ್ಜಾಲದ ನಮೂನೆಯಿಂದ ಇಳಿಸಿದ ಈಗಿನ ಉಯಿಲುಗಳಲ್ಲಿ ಆ ಒಂದು ಸಾಲೇ ಇರುವುದಿಲ್ಲ.

ತೆರಿಗೆಯ ಕಥೆ ಬೇರೆ. 1953ರ ಎಸ್ಟೇಟ್ ಡ್ಯೂಟಿ ಕೊನೆಗಾಲಕ್ಕೆ ಇಪ್ಪತ್ತು ಲಕ್ಷ ಮೀರಿದ ಮೊತ್ತದ ಮೇಲೆ ಶೇ. 85ಕ್ಕೆ ಏರಿತ್ತು. ಅವಿಭಕ್ತ ಕುಟುಂಬದಲ್ಲಿ ಸತ್ತವನ ಪಾಲಿಗೆ ಮಕ್ಕಳ ಪಾಲನ್ನೂ ಕೂಡಿಸಿ ದರ ಕಟ್ಟುತ್ತಿದ್ದರು. ಈ ಭಯಕ್ಕೇ ಎಷ್ಟೋ ಮನೆಗಳು ಕಾಗದದ ಮೇಲೆ ಒಡೆದವು; ಒಲೆ ಒಂದೇ, ಫೈಲು ನಾಲ್ಕು. 1978ರ ಡಿಸೆಂಬರ್ 31ರ ನಂತರದ ಭಾಗಶಃ ಪಾಲುಗಳನ್ನು ಒಪ್ಪುವುದಿಲ್ಲವೆಂದು ಆದಾಯ ತೆರಿಗೆ ಕಾಯ್ದೆ ಆ ದಾರಿಗೆ ಬೇಲಿ ಹಾಕಿತು. ನನ್ನ ತಲೆಮಾರಿನವರು ವೃತ್ತಿಗೆ ಬಂದಾಗ ಹಿರಿಯರ ಅರ್ಧ ಜಾಣತನ ಈ ಲೆಕ್ಕದಲ್ಲೇ ಸವೆದಿತ್ತು. 1985ರಲ್ಲಿ ವಿ.ಪಿ. ಸಿಂಗ್ ಎಸ್ಟೇಟ್ ಡ್ಯೂಟಿ ತೆಗೆದರು. ಮರುವರ್ಷ ಚಂದರ್ ಸೇನ್ ಪ್ರಕರಣದಲ್ಲಿ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಅಪ್ಪನಿಂದ ಬಂದ ಆಸ್ತಿ ಮಗನ ಸ್ವಂತದ್ದು, ಅವನ ಕುಟುಂಬದ್ದಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ದಾನ ತೆರಿಗೆ 1998ರಲ್ಲಿ, ಸಂಪತ್ತು ತೆರಿಗೆ 2015ರಲ್ಲಿ ಹೋದವು. 2024ರ ಚುನಾವಣೆಯಲ್ಲಿ ಪಿತ್ರಾರ್ಜಿತ ತೆರಿಗೆಯ ಮಾತು ಎದ್ದಾಗ ಟ್ರಸ್ಟ್ ಮಾಡಿಸುವವರಿಗೆ ಒಳ್ಳೆಯ ಸುಗ್ಗಿಯಾಯಿತು.

ವ್ಯಾಪಾರದ ಉತ್ತರಾಧಿಕಾರದ ಬಗ್ಗೆ ಬರೆದವರು ಕಡಿಮೆ. ಇಲ್ಲಿಯ ಎಷ್ಟೋ ಅಂಗಡಿಗಳಲ್ಲಿ ಕುಟುಂಬದ ಆಸ್ತಿಯೆಂದರೆ ಗೋಡೆಯಲ್ಲ, ಬಾಡಿಗೆ ಹಕ್ಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ 14 ಚದರ ಮೀಟರ್ ಮೀರದ ಅಂಗಡಿಗಳಿಗೆ ಮಾತ್ರ. ಬಾಡಿಗೆದಾರ ತೀರಿಕೊಂಡರೆ ಅವನ ಆಸರೆಯಲ್ಲಿ ಜೊತೆಗೇ ವ್ಯಾಪಾರ ಮಾಡುತ್ತಿದ್ದ ಮನೆಯವರಿಗೆ ಐದು ವರ್ಷ. ಪಾಲುದಾರಿಕೆ ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ, 1932ರ ಕಾಯ್ದೆಯ ಪ್ರಕಾರ ಒಬ್ಬ ಪಾಲುದಾರ ಸತ್ತೊಡನೆ ಸಂಸ್ಥೆಯೇ ವಿಸರ್ಜನೆ. ಜಿಎಸ್‌ಟಿ ಬಂದ ಮೇಲೆ ವ್ಯಾಪಾರ ಮುಂದುವರಿಸುವ ಮಗ ಅಪ್ಪನ ತೆರಿಗೆ ಬಾಕಿಗೂ ಬಾಧ್ಯ. ಅಪ್ಪನ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ ಬೇಕಾದರೆ ಐಟಿಸಿ-02 ಸಲ್ಲಿಸಬೇಕು. ಖಾಸಗಿ ಟ್ರಸ್ಟಿನ ಮೇಲೆ ಗಂಟೆಗಟ್ಟಲೆ ಮಾತಾಡುವವರ ಬಾಯಲ್ಲಿ ಇದು ಬಾರದು.

ಹೆಣ್ಣುಮಕ್ಕಳ ಹಕ್ಕಿನಲ್ಲಿ 1933ರಲ್ಲಿ ಮುಂದಿದ್ದ ನಾವು ಆಮೇಲೆ ಹಿಂದೆ ಬಿದ್ದೆವು. ಮಗಳಿಗೂ ಮಗನಷ್ಟೇ ಹಕ್ಕು ಎಂದು ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ ಮಾಡಿದ್ದನ್ನು ಕರ್ನಾಟಕ ಜಾರಿಗೆ ತಂದದ್ದು 1994ರ ಜುಲೈ 30ರಂದು, ಅದೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಬಾಗಿಲು ತೆರೆಯಿತು. ಅದರ ಅರ್ಥವನ್ನು ಜಗ್ಗಾಡಿದ ಎರಡು ಮುಖ್ಯ ಪ್ರಕರಣಗಳು, 2015ರ ಫೂಲವತಿ ಮತ್ತು 2018ರ ದಾನಮ್ಮ, ಎರಡೂ ನಮ್ಮ ರಾಜ್ಯದವು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ತೀರ್ಪು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಆ ವಾದ ಮುಗಿಸಿತು.

ಸಮೀಕ್ಷೆಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಥೆ ಮುಂದುವರಿಯುತ್ತದೆ. ಅಪ್ಪನ ತಿಥಿ ಮುಗಿದ ಮೇಲೆ ಅಕ್ಕತಂಗಿಯರು ಬಂದು ಹಕ್ಕು ಖುಲಾಸೆ ಪತ್ರಕ್ಕೆ ರುಜು ಹಾಕುತ್ತಾರೆ. ಕಾರಣದ ಜಾಗದಲ್ಲಿ 'ಪ್ರೀತಿ ವಿಶ್ವಾಸ' ಎಂದಿರುತ್ತದೆ. ಹೊರಗಿನವರಿಗೆ ಮಾರಿದರೆ ಮಾರುಕಟ್ಟೆ ಬೆಲೆಯ ಮೇಲೆ ಮುದ್ರಾಂಕ ಶುಲ್ಕ, ಮನೆಯವರಿಗೆ ಬಿಟ್ಟುಕೊಟ್ಟರೆ ನಿಗದಿತ ಸಣ್ಣ ಮೊತ್ತ. ಈ ರಿಯಾಯಿತಿ ಒಳ್ಳೆಯದೇ. ಆದರೆ 1994ರಿಂದ ಈಚೆಗೆ ಹೆಣ್ಣುಮಕ್ಕಳು ಪಡೆದ ಪಾಲೆಷ್ಟು, ಬಿಟ್ಟದ್ದೆಷ್ಟು ಎಂಬ ಲೆಕ್ಕ ನನ್ನ ಕಣ್ಣಿಗೆ ಎಲ್ಲೂ ಬಿದ್ದಿಲ್ಲ. ಪತ್ರಗಳು ನೋಂದಣಿ ಇಲಾಖೆಯಲ್ಲೇ ಇವೆ, ಈಚಿನವು ಕಾವೇರಿ ತಂತ್ರಾಂಶದಲ್ಲೂ ಇವೆ. ಬಿಟ್ಟುಕೊಡುತ್ತಿರುವ ಪಾಲಿಗೆ ಮಾರ್ಗಸೂಚಿ ದರದಲ್ಲಿ ಎಷ್ಟು ಬೆಲೆ ಎಂಬುದನ್ನು ರುಜುವಿನ ಪಕ್ಕದಲ್ಲೇ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿಸಲು ಇಲಾಖೆಗೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.